ಎರ್ಫರ್ಟಿನ ನಿಕ್ಷೇಪ

ಬ್ಯಾಂಕು, ಲಾಕರುಗಳಿಲ್ಲದ ಕಾಲದಲ್ಲಿ ಜನರಿಗೆ ಭೂಮಿತಾಯಿಯ ಮಡಿಲೇ ಭದ್ರವಾದ ತಿಜೋರಿ. ದಂಡು ಬರುತ್ತದೆ, ದೊಂಬಿ ಏಳುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಮನೆಯ ಯಜಮಾನ ಹಣ, ಒಡವೆಗಳನ್ನು ನೆಲದಲ್ಲಿ ಹೂಳಿಡುತ್ತಿದ್ದ. ಆಪತ್ತು ಕಳೆದ ಮೇಲೆ ಅಗೆದು ತೆಗೆಯುತ್ತಿದ್ದ. ಹೂಳಿದವನೇ ಉಳಿಯದಿದ್ದರೆ ಅದೆಲ್ಲ ಮಣ್ಣಿನ ಪಾಲು. ಅಂತಹ ಒಂದು ನಿಕ್ಷೇಪ ಜರ್ಮನಿ ದೇಶದ ಎರ್ಫರ್ಟ್ ಪಟ್ಟಣದಲ್ಲಿ 1998ರಲ್ಲಿ ದೊರೆಯಿತು. ಭಕ್ತಾದಿಗಳು ತಿಳಿಯತಕ್ಕ ವಿಷಯ ಅದರಲ್ಲಿದೆ.

ಆ ಪಟ್ಟಣದ ಹಳೆಯ ಬೀದಿಯೊಂದರಲ್ಲಿ ಪ್ರಾಚ್ಯವಸ್ತು ಸಂಶೋಧಕರು ಅಗೆಯುತ್ತಿದ್ದಾಗ, ನೆಲಮಾಳಿಗೆಯ ಬಾಗಿಲ ಬಳಿ ಗೋಡೆಯ ಅಡಿಯಲ್ಲಿ ಈ ಸಂಪತ್ತು ಕಂಡಿತು. ಒಟ್ಟು ತೂಕ ಸುಮಾರು 28 ಕಿಲೋ. 3141 ಬೆಳ್ಳಿ ನಾಣ್ಯಗಳು, 14 ಬೆಳ್ಳಿ ಗಟ್ಟಿಗಳು, ಬೆಳ್ಳಿಯ ಪಾನಪಾತ್ರೆಗಳು, ಉಂಗುರ, ಪದಕ, ಸೊಂಟಪಟ್ಟಿಯ ಬಿಲ್ಲೆ, ಉಡುಪಿಗೆ ಹೊಲಿಯುವ ಚಿಕ್ಕ ಚಿಕ್ಕ ಆಭರಣ ಹೀಗೆ ಅಕ್ಕಸಾಲಿಗರ ಕೆಲಸದ ವಸ್ತುಗಳೇ ಏಳುನೂರರಷ್ಟು. ನಾಣ್ಯಗಳು ಫ್ರಾನ್ಸ್ ದೇಶದವು. ಅವುಗಳಲ್ಲಿ ಕೊನೆಯವು 1328ರಿಂದ 1350ರವರೆಗೆ ಆಳಿದ ಆರನೇ ಫಿಲಿಪ್ ದೊರೆಯ ಕಾಲದವು. ಇದರಿಂದ ಹೂಳಿದ ಕಾಲ ತಿಳಿಯಿತು.

ಎಲ್ಲಕ್ಕಿಂತ ಅಪೂರ್ವವಾದುದು ಬಂಗಾರದ ಒಂದು ಮದುವೆಯುಂಗುರ. ಅದರ ಮೇಲೆ ಶಿಖರವುಳ್ಳ ಪುಟ್ಟ ಗುಡಿಯಂತಹ ಕಟ್ಟಡವಿದೆ. ಜೆರುಸಲೇಮಿನ ನಾಶವಾದ ದೇವಾಲಯದ ನೆನಪಿಗಾಗಿ ಹೀಗೆ ಮಾಡುತ್ತಿದ್ದರಂತೆ. ಒಳಗೆ ಚಿಕ್ಕ ಬಂಗಾರದ ಗುಂಡು ಇದ್ದು, ಅಲುಗಿಸಿದರೆ ಗೆಜ್ಜೆಯಂತೆ ಸದ್ದಾಗುತ್ತದೆ. ಶಿಖರದ ಮೇಲೆ ಹೀಬ್ರೂ ಅಕ್ಷರಗಳಲ್ಲಿ 'ಮಜಲ್ ತೋವ್' ಎಂದು ಕೆತ್ತಿದೆ. ಶುಭವಾಗಲಿ ಎಂದು ಅರ್ಥ.

ಆ ಶುಭ ಹಾರೈಕೆಯ ಉಂಗುರ ಮಣ್ಣು ಸೇರಿದ್ದೇಕೆ? ಆಗ ಯುರೋಪಿನಲ್ಲೆಲ್ಲ ಪ್ಲೇಗು ಹಬ್ಬುತ್ತಿತ್ತು. ಯಹೂದಿಗಳು ಬಾವಿಗೆ ವಿಷ ಹಾಕಿದ್ದರಿಂದಲೇ ಜನ ಸಾಯುತ್ತಿದ್ದಾರೆ ಎಂಬ ಗಾಳಿಸುದ್ದಿ ಊರಿಂದೂರಿಗೆ ಹರಡಿತು. 1349ರ ಮಾರ್ಚ್ 21ರಂದು ಎರ್ಫರ್ಟಿನ ಯಹೂದಿ ಕೇರಿಯ ಮೇಲೆ ದಾಳಿಯಾಯಿತು. ತಲೆಮಾರುಗಳಿಂದ ನೆರೆಹೊರೆಯಲ್ಲಿ ಬಾಳಿದವರನ್ನೇ ಕೊಂದರು. ಎರ್ಫರ್ಟಿಗೆ ಪ್ಲೇಗು ಬಂದದ್ದು ಮರುವರ್ಷ! ಬಾರದ ರೋಗಕ್ಕೆ ಇಲ್ಲದ ಅಪರಾಧ ಹೊರಿಸಿ ಒಂದು ಸಮುದಾಯವನ್ನೇ ಅಳಿಸಿದಂತಾಯಿತು. ನಿಕ್ಷೇಪದ ಒಡೆಯ ಆ ಮನೆಯಲ್ಲಿದ್ದ ಕಲ್ಮನ್ ಎಂಬ ಲೇವಾದೇವಿಗಾರನಿರಬಹುದೆಂದು ವಿದ್ವಾಂಸರ ಊಹೆ. ಆತ ತಿರುಗಿ ಬರಲಿಲ್ಲ.

ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಕೂಡ ಕೈತಪ್ಪಿ ವರ್ತಕನ ಉಗ್ರಾಣವಾಯಿತು. ಮುಂದೆ ಅದೇ ಜಾಗದಲ್ಲಿ ಹೋಟೆಲು ನಡೆಯಿತು, ನೃತ್ಯವೂ ನಡೆಯಿತು. ಅದು ಪ್ರಾರ್ಥನೆಯ ಸ್ಥಳವೆಂಬುದೇ ಜನರಿಗೆ ಮರೆತುಹೋಯಿತು. ಆ ಮರೆವೇ ಹಿಟ್ಲರನ ಕಾಲದಲ್ಲಿ ಅದನ್ನು ಉಳಿಸಿತು. ಕೊನೆಗೆ ಸಂಶೋಧಕರು ಪರಿಶೀಲಿಸಿದಾಗ ಅದರ ಕೆಲವು ಭಾಗಗಳು 1094ರಷ್ಟು ಹಳೆಯವೆಂದು ಗೊತ್ತಾಯಿತು. 2009ರಲ್ಲಿ ಅದು ಮ್ಯೂಸಿಯಂ ಆಯಿತು. ನಿಕ್ಷೇಪವನ್ನು ಅಲ್ಲಿಯೇ ಪ್ರದರ್ಶನಕ್ಕಿಟ್ಟರು. 2023ರಲ್ಲಿ ಯುನೆಸ್ಕೋ ಆ ಊರಿನ ಯಹೂದಿ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿನ್ನಕ್ಕೆ ತುಕ್ಕು ಹಿಡಿಯದು. ಆರೂವರೆ ಶತಮಾನ ಮಣ್ಣಿನಲ್ಲಿದ್ದರೂ ಉಂಗುರ ಹಾಗೆಯೇ ಹೊಳೆಯಿತು. ಆದರೆ ಅದನ್ನು ತೊಡಬೇಕಾಗಿದ್ದ ವಧುಗಳ ಸಂತತಿ ಎಲ್ಲಿ? ಒಡವೆಯನ್ನು ಭೂಮಿ ಕಾಪಾಡೀತು. ನೆರೆಯವನನ್ನು ಕಾಪಾಡಬೇಕಾದವನು ಮನುಷ್ಯನೇ. ಗಾಳಿಸುದ್ದಿಗೆ ಕಿವಿಗೊಡದೆ, ಇನ್ನೊಬ್ಬರ ಪೂಜಾಸ್ಥಳವನ್ನೂ ನಮ್ಮದರಂತೆಯೇ ಗೌರವದಿಂದ ಕಾಣುವ ಬುದ್ಧಿಯನ್ನು ಭಗವಂತನು ಎಲ್ಲರಿಗೂ ಕರುಣಿಸಲಿ.