ಡೀಸೆಲ್ ಅಳೆಯುವವರು ಯಾರು?

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದತ್ತ ಸಾಗುವ ರಸ್ತೆಯಲ್ಲಿ ಹಿಂದೆಲ್ಲ ಓಡಾಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಕಡಲೆಕಾಯಿ ಮೂಟೆ ಹೇರಿಕೊಂಡ ಲಾರಿಯೊಂದು ಏರು ಹತ್ತುತ್ತಿದೆ. ಅದರ ಬೆನ್ನಿಗೆ ಕಪ್ಪು ಹೊಗೆಯ ಮೋಡ. ಹಿಂದಿನ ಬಸ್ಸಿನಲ್ಲಿ ಸೆರಗು, ಕರವಸ್ತ್ರ ಮೂಗಿಗೆ ಹಿಡಿದ ಪ್ರಯಾಣಿಕರು. ಆ ಹೊಗೆ ಬೇರೇನೂ ಅಲ್ಲ, ಪೂರ್ತಿ ಉರಿಯದೆ ಮಸಿಯಾಗಿ ಹೊರಬಿದ್ದ ಡೀಸೆಲ್. ಅಂದರೆ ಲಾರಿ ಮಾಲೀಕನ ಹಣವೇ ಹೊಗೆಯಾಗಿ ಹೋಗುತ್ತಿತ್ತು. ಹಾಗಿದ್ದೂ ಅವನು ಅದನ್ನು ಬೇಕೆಂದೇ ಮಾಡಿಸುತ್ತಿದ್ದ!

ಶಿರಾದ ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಈ ಮಾತು ಎಷ್ಟು ಬಾರಿ ಕೇಳಿಬಂದಿತ್ತೋ ಲೆಕ್ಕವಿಲ್ಲ: 'ಗಾಡಿ ಎಳೀತಿಲ್ಲ ಭಾಯ್, ಸ್ವಲ್ಪ ಪಂಪು ನೋಡಿ.' ಪಂಪು ಎಂದರೆ ಎಂಜಿನ್ನಿನ ಪಕ್ಕಕ್ಕೆ ಕೂತ ಇಂಧನದ ಪಂಪು. ಅದರಲ್ಲೊಂದು ತಿರುಪು. ಕಾರ್ಖಾನೆಯವರು ಡೀಸೆಲ್‌ನ ಗರಿಷ್ಠ ಪ್ರಮಾಣ ನಿಗದಿ ಮಾಡಿ, ಯಾರೂ ಮುಟ್ಟದಿರಲೆಂದು ಅದಕ್ಕೆ ತಂತಿ ಬಿಗಿದು ಸೀಸದ ಮುದ್ರೆ ಒತ್ತಿರುತ್ತಿದ್ದರು. ಮುದ್ರೆ ಒಡೆದು ತಿರುಪನ್ನು ಒಂದಿಷ್ಟು ತಿರುವಿದರೆ ಡೀಸೆಲ್ ಹೆಚ್ಚು, ಎಳೆತ ಹೆಚ್ಚು, ಹೊಗೆಯೂ ಹೆಚ್ಚು.

ಈ ಪಂಪಿನ ಕಥೆಗೂ ಕರ್ನಾಟಕಕ್ಕೂ ಹತ್ತಿರದ ನಂಟು. ರುಡಾಲ್ಫ್ ಡೀಸೆಲ್‌ನ ಎಂಜಿನ್ ಜರ್ಮನಿಯಲ್ಲಿ ಯಶಸ್ವಿಯಾಗಿ ಓಡಿದ್ದು 1897ರಲ್ಲಿ. ಆದರೆ ಅದು ಲಾರಿಯ ಮೂಗಿನೊಳಗೆ ಕೂರಬೇಕಾದರೆ ಚಿಕ್ಕದಾದ, ಕರಾರುವಾಕ್ಕಾದ ಪಂಪು ಬೇಕಿತ್ತು. ಅಂಥದನ್ನು ಬಾಷ್ ಕಂಪೆನಿ 1927ರಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಸ್ವಾತಂತ್ರ್ಯಾನಂತರ, 1951ರಲ್ಲಿ, ಅದೇ ಬಾಷ್‌ನ ಸಹಯೋಗದಿಂದ ಹುಟ್ಟಿದ್ದು ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಜನರ ಬಾಯಲ್ಲಿ 'ಮೈಕೋ'. ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಾದ ಮೈಕೋ ಪಂಪು, ನಾಜಲ್‌ಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆಲ್ಲ ಹೋದವು. ಕಂಪೆನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಗ್ಯಾರೇಜುಗಳಲ್ಲಿ 'ಮೈಕೋ' ಎಂಬ ಮಾತು ಸುಲಭಕ್ಕೆ ಸಾಯಲಿಲ್ಲ.

ಇಲ್ಲಿಗೆ ಟರ್ಬೊ ಬಂದು ಸೇರಿಕೊಂಡಿತು. ಇದು ಹೊಸ ವಿದ್ಯೆಯೇನಲ್ಲ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುವುದು. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ಅದು ತಿರುಗುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಸಬಹುದು, ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬಹುದು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಮಧುಗಿರಿಯಂಥ ಊರಿನಲ್ಲಿ ಗಾಳಿಯ ಒತ್ತಡ ಸಮುದ್ರತೀರಕ್ಕಿಂತ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಬೇಸಿಗೆಯ ಪಾವಗಡದ ಬಿಸಿಗಾಳಿ ಇನ್ನೂ ತೆಳು. ಟರ್ಬೊ ಈ ಕೊರತೆಯನ್ನು ತುಂಬಿಕೊಡುತ್ತದೆ.

ಆದರೆ ಟರ್ಬೊಗೆ ತನ್ನದೇ ಸಂಕಟವಿದೆ. ಎಂಜಿನ್ ನಿಧಾನವಾಗಿದ್ದಾಗ ಅದು ಜೋರಾಗಿ ಸುತ್ತುವುದಿಲ್ಲ, ಸಾಕಷ್ಟು ಗಾಳಿ ಬರುವುದಿಲ್ಲ. ಆಗಲೇ ಡೀಸೆಲ್ ಸುರಿದರೆ ಬರೀ ಹೊಗೆ. ಹಾಗಾಗಿ ಪಂಪಿನ ತಲೆಗೆ ತೆಳು ಪರದೆಯೊಂದನ್ನು, ಅದಕ್ಕೊಂದು ಸ್ಪ್ರಿಂಗನ್ನು ಕೂರಿಸಿದರು. ಗಾಳಿಯ ಒತ್ತಡ ಏರಿದಷ್ಟೂ ಪರದೆ ಬಾಗಿ ಡೀಸೆಲ್‌ಗೆ ದಾರಿ ಬಿಡುತ್ತಿತ್ತು. ವಿದ್ಯುತ್ತಿಲ್ಲದ ಕಂಪ್ಯೂಟರ್ ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ಅದನ್ನೂ ತಿರುಚುವ ವಿದ್ಯೆ ನಮ್ಮ ಮೆಕ್ಯಾನಿಕ್‌ಗಳಿಗೆ ಬೇಗನೆ ಕೈವಶವಾಯಿತು.

ನಿಜವಾದ ಕಂಪ್ಯೂಟರ್ ಆಮೇಲೆ ಬಂತು. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ 156 ಕಾರಿನಲ್ಲಿ ಬಾಷ್‌ನ 'ಕಾಮನ್ ರೈಲ್' ವ್ಯವಸ್ಥೆ ಕಾಣಿಸಿಕೊಂಡಿತು. ಒಂದೇ ಕೊಳವೆಯಲ್ಲಿ 1,350 ಬಾರ್‌ವರೆಗಿನ ಒತ್ತಡದಲ್ಲಿ ಡೀಸೆಲ್ ಕೂಡಿಟ್ಟು, ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ಮಾತ್ರ ಇಂಜೆಕ್ಟರ್ ತೆರೆಯುವುದು ಅದರ ಕ್ರಮ. ಎಷ್ಟು ಹೊತ್ತು, ಯಾವ ಗಳಿಗೆಯಲ್ಲಿ ತೆರೆಯಬೇಕೆಂದು ಹೇಳುವುದು 'ಇಸಿಯು' ಎಂಬ ಪೆಟ್ಟಿಗೆ. ಬಿಡದಿಯಲ್ಲಿ 2005ರಿಂದ ತಯಾರಾದ ಇನ್ನೋವಾ, 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟ್ ಈ ಪೆಟ್ಟಿಗೆಯನ್ನು ಸಣ್ಣ ಊರುಗಳ ಟ್ಯಾಕ್ಸಿ ನಿಲ್ದಾಣಕ್ಕೂ ತಂದವು. ತಿರುಗಿಸಲು ತಿರುಪೇ ಇಲ್ಲ! ಪಂಪಿನ ಕೆಲಸವನ್ನೇ ನಂಬಿದ್ದ ಮೆಕ್ಯಾನಿಕ್‌ಗೆ ಇದು ಹೊಟ್ಟೆಯ ಮೇಲಿನ ಪೆಟ್ಟು.

ಆಗ ಹುಟ್ಟಿದ್ದೇ ಪೆಟ್ಟಿಗೆ ಬದಲಿಸುವ ಆಸೆ. ಸ್ವಿಫ್ಟ್‌ನ 1,248 ಸಿ.ಸಿ. ಎಂಜಿನ್ ಫಿಯೆಟ್ ಕಂಪೆನಿ 2003ರಲ್ಲಿ ಹೊರತಂದ ವಿನ್ಯಾಸ. ಸ್ವಿಫ್ಟ್‌ನಲ್ಲಿ ಅದರ ಶಕ್ತಿ 75 ಅಶ್ವಶಕ್ತಿ, ಎರ್ಟಿಗಾದಲ್ಲಿ 90. ಹಾಗಾದರೆ ಗುಜರಿಯಿಂದ ಎರ್ಟಿಗಾದ ಪೆಟ್ಟಿಗೆ ತಂದು ಸ್ವಿಫ್ಟ್‌ಗೆ ಜೋಡಿಸಿದರೆ ಆಯಿತಲ್ಲ? ಆಗುವುದಿಲ್ಲ. 90ರ ಎಂಜಿನ್ನಿನ ಟರ್ಬೊದಲ್ಲಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳಿವೆ, 75ರದರಲ್ಲಿ ಇಲ್ಲ. ಇಲ್ಲದ ರೆಕ್ಕೆಗೆ ಪೆಟ್ಟಿಗೆ ಆಜ್ಞೆ ಕೊಡುತ್ತ ಕೂರುತ್ತದೆ. ಅದಕ್ಕೂ ಮೊದಲು ಬೀಗದ ಕೈಯಲ್ಲಿ ಅಡಗಿದ ಗುಪ್ತಸಂಖ್ಯೆ ಹೊಸ ಪೆಟ್ಟಿಗೆಗೆ ಹೊಂದದಿದ್ದರೆ ಕಾರು ಸ್ಟಾರ್ಟೇ ಆಗದು. ಜೊತೆಗೆ, ಅನೇಕ ಕಾರುಗಳಲ್ಲಿ ಪ್ರತಿ ಇಂಜೆಕ್ಟರ್‌ನ ತಲೆಯ ಮೇಲೂ ಅದರ ಹರಿವಿನ ಸೂಕ್ಷ್ಮ ವ್ಯತ್ಯಾಸ ತಿಳಿಸುವ ಸಂಕೇತ ಅಚ್ಚಾಗಿರುತ್ತದೆ. ಅದನ್ನೂ ಪೆಟ್ಟಿಗೆಗೆ ಉಣಿಸಬೇಕು.

ಹೀಗಾಗಿ ಪೆಟ್ಟಿಗೆಯನ್ನು ಉಳಿಸಿಕೊಂಡು ಒಳಗಿನ ಅಂಕಿಗಳ ಕೋಷ್ಟಕವನ್ನಷ್ಟೇ ತಿದ್ದುವವರು ಹುಟ್ಟಿಕೊಂಡರು. ಇಲ್ಲಿ ಅಪಾಯ ಎರಡು ಬಗೆ. ಪೆಟ್ರೋಲಿಗೆ ಲೆಕ್ಕ ಒಂದು ಗ್ರಾಂಗೆ 14.7 ಗ್ರಾಂ ಗಾಳಿ. ಟರ್ಬೊ ಜೋರಾಗಿ ಗಾಳಿ ತುರುಕುವಾಗ ಎಂಜಿನ್ ತಂಪಾಗಿರಲು ಪೆಟ್ರೋಲ್ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಗಾಳಿ ಏರಿಸಿ ಇಂಧನ ಮರೆತರೆ ಮಿಶ್ರಣ ಅಕಾಲದಲ್ಲಿ ಸಿಡಿದು ಪಿಸ್ಟನ್ ತೂತಾಗುತ್ತದೆ. ಡೀಸೆಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ಇಂಧನ ಹೆಚ್ಚಾದರೇ ಕಾವು, ಮಸಿ, ಸುಟ್ಟ ಟರ್ಬೊ. ಸಾಲ ಮಾಡಿ ಟ್ಯಾಕ್ಸಿ ಕೊಂಡವನಿಗೆ ಇದು ಆಟದ ಮಾತಲ್ಲ.

ತಪ್ಪೆಲ್ಲ ಗ್ಯಾರೇಜಿನವರದೇ ಎಂದುಕೊಳ್ಳಬೇಡಿ. ಪರೀಕ್ಷೆಯ ವೇಳೆ ಮಾತ್ರ ಹೊಗೆಯ ವಿಷಾಂಶ ತಗ್ಗಿಸಿ, ರಸ್ತೆಗಿಳಿದ ಮೇಲೆ ಬಿಟ್ಟುಬಿಡುವ ಕೋಷ್ಟಕವನ್ನು ಫೋಕ್ಸ್‌ವ್ಯಾಗನ್ ಕಂಪೆನಿಯೇ ತನ್ನ ಕಾರುಗಳಲ್ಲಿ ಬಚ್ಚಿಟ್ಟಿದ್ದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ. ಭಾರತದಲ್ಲಿ ಸುಮಾರು 3.2 ಲಕ್ಷ ಕಾರುಗಳನ್ನು ವಾಪಸು ಕರೆಯುವುದಾಗಿ ಅದೇ ವರ್ಷ ಕಂಪೆನಿ ಪ್ರಕಟಿಸಿತು. ಅದಕ್ಕೆ ಪೆಟ್ಟಿಗೆಗಳನ್ನು ಪೂರೈಸಿದ್ದ ಬಾಷ್ 2019ರಲ್ಲಿ, ಮೇಲ್ವಿಚಾರಣೆಯ ಲೋಪಕ್ಕಾಗಿ, ಜರ್ಮನಿಯಲ್ಲಿ 9 ಕೋಟಿ ಯೂರೊ ದಂಡ ತೆತ್ತಿತು. ಸೀಸದ ಮುದ್ರೆ ಒಡೆದ ಶಿರಾದ ಮೆಕ್ಯಾನಿಕ್ ಇದರ ಮುಂದೆ ಸಣ್ಣ ಅಪರಾಧಿ.

ಕಾನೂನು ಮೊದಲಿನಿಂದಲೂ ಇದೆ. ತಯಾರಕರು ನಿಗದಿಪಡಿಸಿದ್ದಕ್ಕೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮವೇ ಇರಬೇಕು. ಆಗ ಸ್ವಿಫ್ಟ್‌ನ ಡೀಸೆಲ್ ಎಂಜಿನ್ನೇ ಮಾರುಕಟ್ಟೆಯಿಂದ ಹೊರಬಿತ್ತು. ಹೊಸ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಈಗ ಮಸಿ ಹಿಡಿಯುವ ಜರಡಿ ಇರುತ್ತದೆ. ಹೆಚ್ಚು ಡೀಸೆಲ್ ಬಿಟ್ಟರೆ ಜರಡಿ ಕಟ್ಟಿಕೊಳ್ಳುತ್ತದೆ, ಫಲಕದಲ್ಲಿ ದೀಪ ಹೊತ್ತುತ್ತದೆ, ಪೆಟ್ಟಿಗೆ ತಾನೇ ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಆಗ ಸ್ಕ್ಯಾನರ್ ಇರುವ ಗ್ಯಾರೇಜನ್ನೇ ಹುಡುಕಿಕೊಂಡು ಹೋಗಬೇಕು. 'ಸ್ವಲ್ಪ ಪಂಪು ನೋಡಿ' ಎಂದರೆ ಅಲ್ಲಿನ ಹುಡುಗ ಮೊದಲು ತಂತಿಯ ತುದಿಯನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸುತ್ತಾನೆ.