ಹೊಸ ಸೈಕಲ್ಲು, ಸೊಟ್ಟ ಫ್ರೇಮು

ಪುಣೆಯ ಸ್ವಾರಗೇಟಿನಿಂದ ಕಾತ್ರಜದ ಕಡೆಗೆ ಹೋಗುವ ಸಾತಾರಾ ರಸ್ತೆ ಧನಕವಡಿಯ ಪಕ್ಕದಲ್ಲಿ ಹಾದು ಘಾಟಿ ಹತ್ತುತ್ತದೆ. ಸಾತಾರಾ, ಕರಾಡ, ಕೊಲ್ಹಾಪುರ ದಾಟಿ ನಮ್ಮ ಬೆಳಗಾವಿ, ಧಾರವಾಡಗಳಿಗೆ ಬರುವ ಹಳೆಯ ದಾರಿ ಇದೇ. ಬೆಳಗಿನ ಜಾವ ಕಾತ್ರಜ ಘಾಟಿ ಏರಲು ಹೊರಡುವ ಸೈಕಲ್ ಸವಾರರಿಗೂ ಇದೇ ದಾರಿ. ಹೊಸದಾಗಿ ಕೊಂಡ ಸೈಕಲ್ಲಿನ ಫ್ರೇಮು ನೆಟ್ಟಗಿದೆಯೋ ಇಲ್ಲವೋ ಎಂಬುದು ಇಲ್ಲಿ ಬೇಗ ಗೊತ್ತಾಗುತ್ತದೆ. ಏರುವಾಗಲ್ಲ, ಇಳಿಯುವಾಗ. ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದರೆ ಸೈಕಲ್ಲು ಒಂದೇ ಕಡೆಗೆ ಎಳೆಯುತ್ತದೆ. ಕೊಂಡು ನಾಲ್ಕು ದಿನವಾಗಿರುವುದಿಲ್ಲ, ಟೈರು ಒಂದು ಮಗ್ಗುಲಲ್ಲಿ ಉಜ್ಜಿಕೊಂಡಿರುತ್ತದೆ, ಚೈನು ಪದೇ ಪದೇ ಕಳಚುತ್ತದೆ.

ಇದು ಫ್ರೇಮಿನ ದೋಷವೋ, ಜೋಡಿಸಿದವರ ಅಜಾಗರೂಕತೆಯೋ? ಕಂಡುಹಿಡಿಯಲು ಸೈಕಲ್ ಮಿಸ್ತ್ರಿಗಳ ಬಳಿ ಎರಡು ಹಳೆಯ ಉಪಾಯಗಳಿವೆ. ಮೊದಲನೆಯದು ನೂಲು. ಹಿಂಚಕ್ರದ ಆಕ್ಸಲ್ ಕೂರುವ ಎಡಗಡೆಯ ಕಚ್ಚಿಗೆ ನೂಲು ಕಟ್ಟಿ, ಅದನ್ನು ಮುಂದೆ ತಂದು ಹ್ಯಾಂಡಲ್ಲಿನ ಕೊಳವೆಯನ್ನು ಬಳಸಿ, ಮತ್ತೆ ಹಿಂದಕ್ಕೊಯ್ದು ಬಲಗಡೆಯ ಕಚ್ಚಿಗೆ ಬಿಗಿಯಾಗಿ ಕಟ್ಟಬೇಕು. ನಡುವೆ ಸೀಟಿನ ಕೊಳವೆ ಇರುತ್ತದಲ್ಲ, ಅದರಿಂದ ನೂಲಿಗೆ ಎರಡೂ ಕಡೆ ಒಂದೇ ಅಂತರವಿರಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದರೆ ಫ್ರೇಮಿನ ಹಿಂಭಾಗ ಪಕ್ಕಕ್ಕೆ ವಾಲಿದೆ ಎಂದರ್ಥ. ಎರಡನೆಯ ಉಪಾಯಕ್ಕೆ ನೂಲೂ ಬೇಡ. ಚೈನು ಬಿಚ್ಚಿ ಹಿಂಚಕ್ರವನ್ನು ಹಾಕಿ, ರಿಮ್ಮು ಯಾವ ಕಡೆಗೆ ಸರಿದಿದೆ ನೋಡುವುದು. ಆಮೇಲೆ ಚಕ್ರವನ್ನು ತೆಗೆದು ಎಡಬಲ ತಿರುಗಿಸಿ ಮತ್ತೆ ಹಾಕುವುದು. ಈಗ ರಿಮ್ಮು ಎದುರು ಕಡೆಗೆ ಸರಿದರೆ ತಪ್ಪು ಚಕ್ರದ್ದು, ಅಂದರೆ ಕಡ್ಡಿ ಬಿಗಿದವರದು. ಹಾಗಲ್ಲದೆ ಮೊದಲಿನ ಕಡೆಗೇ ಸರಿದಿದ್ದರೆ ತಪ್ಪು ಫ್ರೇಮಿನದು. ಐದು ನಿಮಿಷದಲ್ಲಿ ಅಂಗಡಿಯವನ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು ಎಂದು ಹೇಳುವ ಈ ಪರೀಕ್ಷೆ ಯಾವ ಗ್ಯಾರಂಟಿ ಕಾರ್ಡಿನ ಮೇಲೂ ಅಚ್ಚಾಗಿದ್ದನ್ನು ನಾನು ನೋಡಿಲ್ಲ.

ದೋಷ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಸೈಕಲ್ಲನ್ನು ತಂದ ಮೇಲೆ ಎರಡು ಸಮ ಚಕ್ರಗಳ ಸೈಕಲ್ಲು ನೆಲೆಯೂರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಎರಡು ತ್ರಿಕೋನಗಳನ್ನು ಸೇರಿಸಿದಂಥ ಫ್ರೇಮು ಎಲ್ಲೆಡೆ ಒಂದೇ ರೂಪಕ್ಕೆ ಬಂತು. ಉಕ್ಕಿನ ಕೊಳವೆಗಳು ಕೂಡುವ ಮೂಲೆಗಳಿಗೆ ಲಗ್ ಎಂಬ ಕವಚ ತೊಡಿಸಿ, ಬಿಳಿಗಾರ ಹಚ್ಚಿ, ಕೆಂಪಗೆ ಕಾಯಿಸಿ, ಸಂದಿಗೆ ಹಿತ್ತಾಳೆ ಕರಗಿಸಿ ಹರಿಸುತ್ತಿದ್ದರು. ನಮ್ಮ ಅಕ್ಕಸಾಲಿಗರು ಒಡವೆಗೆ ಮಾಡುವ ಬೆಸುಗೆಯ ದೊಡ್ಡಣ್ಣ ಇದು.

ಒಳ್ಳೆಯ ಬೆಸುಗೆಯಲ್ಲಿ ಹಿತ್ತಾಳೆ ಲಗ್ಗಿನ ಒಳಗೆಲ್ಲ ಹರಿದಿರುತ್ತದೆ. ಅವಸರದ ಬೆಸುಗೆಯಲ್ಲಿ ಬಾಯಂಚಿನಲ್ಲಿ ಮಾತ್ರ ಒಂದು ಉಂಗುರದಂತೆ ನಿಂತು, ಒಳಗೆ ಖಾಲಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕಾವು ಕಡಿಮೆಯಾದರೆ ಹಿತ್ತಾಳೆ ಹರಿಯುವುದಿಲ್ಲ, ಹೆಚ್ಚಾದರೆ ಕೊಳವೆಯೇ ಕೀಲಿನ ಪಕ್ಕದಲ್ಲಿ ದುರ್ಬಲವಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಪೇಟೆಂಟ್ ಪಡೆದ ಕೊಳವೆ, ನಡುವೆ ತೆಳ್ಳಗೆ, ತುದಿಗಳಲ್ಲಿ ದಪ್ಪಗೆ ಇದ್ದದ್ದು ಈ ತೊಂದರೆಯ ಕಾರಣಕ್ಕೇ. ಇನ್ನು ಕಾದದ್ದು ಆರುವಾಗ ಎಲ್ಲ ಕಡೆ ಒಂದೇ ಹದದಲ್ಲಿ ಆರುವುದಿಲ್ಲ, ಫ್ರೇಮು ತಿರುಚಿಕೊಳ್ಳುತ್ತದೆ. ಹಾಗಾಗಿ ಬೆಸುಗೆಯ ನಂತರ ಪ್ರತಿ ಫ್ರೇಮನ್ನೂ ಅಳೆದು, ಬಗ್ಗಿಸಿ ನೆಟ್ಟಗೆ ಮಾಡುವುದು ಕಾರ್ಖಾನೆಯ ಕೆಲಸದ ಒಂದು ಭಾಗವೇ ಆಗಿತ್ತು. ಪೆಡಲಿನ ಆಕ್ಸಲ್ ಕೂರುವ ಬಿ.ಬಿ. ಕೊಳವೆಗೆ ಎರಡೂ ಬದಿಯಿಂದ ಮರೆ ಕೊರೆಯುವಾಗ ಅವು ಒಂದೇ ಗೆರೆಯಲ್ಲಿ ಬರಬೇಕು. ಬರದಿದ್ದರೆ ಕಪ್ಪುಗಳು ಎಷ್ಟು ಒಳ್ಳೆಯವಾದರೂ ಗುಂಡುಗಳು ಸವೆದುಹೋಗುತ್ತವೆ.

ಇಷ್ಟೆಲ್ಲ ಆದ ಮೇಲೆ ಕಪ್ಪು ಎನಾಮೆಲ್ ಬಣ್ಣ ಬಳಿದು ಒಲೆಯಲ್ಲಿ ಬೇಯಿಸುತ್ತಿದ್ದರು. ತಪ್ಪುಗಳೆಲ್ಲ ಅದರಡಿ ಮುಚ್ಚಿಹೋಗುತ್ತಿದ್ದವು. ಮುಂದೆ ಎಂದಾದರೂ ಹ್ಯಾಂಡಲ್ಲಿನ ಕೊಳವೆಯ ಲಗ್ಗಿನ ಬಳಿ ಬಣ್ಣದಲ್ಲಿ ಕೂದಲೆಳೆಯ ಬಿರುಕು ಕಾಣಿಸಿದರೆ ಅದೇ ಮೊದಲ ಸುಳಿವು. ಅನುಭವಿಗಳು ಹೊಸ ಸೈಕಲ್ಲಿನಲ್ಲಿ ಮೊದಲು ನೋಡುವುದು ಅಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈ ಸೈಕಲ್ಲುಗಳು ಹಡಗಿನಲ್ಲಿ ನಮ್ಮಲ್ಲಿಗೆ ಬಂದವು. ಆಗ ಪುಣೆ, ಧಾರವಾಡ, ಬೆಳಗಾವಿ, ವಿಜಯಪುರಗಳೆಲ್ಲ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕೊಂಡ ವಸ್ತು ಕೆಟ್ಟಿದ್ದರೆ ಏನು ಮಾಡಬೇಕೆಂಬುದಕ್ಕೆ ಮೊದಲು 1872ರ ಕರಾರು ಕಾಯ್ದೆ, ಆಮೇಲೆ 1930ರ ಸರಕು ಮಾರಾಟ ಕಾಯ್ದೆ ಇತ್ತು. 1930ರ ಕಾಯ್ದೆಯ 16ನೇ ಕಲಮನ್ನು ಸೈಕಲ್ ಕೊಂಡವನ ಕಣ್ಣಿನಿಂದ ಓದಿ ನೋಡಿ. ಗುಣಮಟ್ಟದ ಬಗ್ಗೆ ಮಾರುವವನು ಬಾಯಿಬಿಟ್ಟು ಹೇಳದ ಯಾವ ಭರವಸೆಯೂ ಇಲ್ಲ ಎಂದೇ ಅದು ಶುರುವಾಗುತ್ತದೆ, ಆಮೇಲೆ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ವಸ್ತು ಮಾರಲು ಯೋಗ್ಯವಾಗಿರಬೇಕು ಎಂಬುದು ಅವುಗಳಲ್ಲೊಂದು. ಆದರೆ ಕೊಳ್ಳುವವನು ವಸ್ತುವನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಇನ್ನೂ ಒಂದು ಷರತ್ತಿದೆ. ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರದ ಹೆಸರಿನಿಂದಲೇ ಕೊಂಡರೆ, ಅದು ನಿಮ್ಮ ಉದ್ದೇಶಕ್ಕೆ ಒದಗುತ್ತದೆಂಬ ಭರವಸೆಯನ್ನು ಕಾನೂನು ಕೊಡುವುದಿಲ್ಲ. ಸೈಕಲ್ಲನ್ನು ಆ ಕಾಲದಲ್ಲಿ ಯಾರೂ ಬರೀ ಸೈಕಲ್ಲೆಂದು ಕೊಳ್ಳುತ್ತಿರಲಿಲ್ಲ. ರ್‍ಯಾಲಿ ಬೇಕು, ಹರ್ಕ್ಯುಲಿಸ್ ಬೇಕು, ಬಿ.ಎಸ್.ಎ. ಬೇಕು ಎಂದೇ ಕೇಳುತ್ತಿದ್ದರು. ಹೆಸರನ್ನು ನಂಬಿ ಕೊಂಡವನಿಗೆ ಆ ಮಟ್ಟಿಗೆ ಕಾನೂನಿನ ಆಸರೆ ಕಡಿಮೆ. ಇಷ್ಟಾಗಿಯೂ ಹೋರಾಡಬೇಕೆಂದರೆ ಸಿವಿಲ್ ಕೋರ್ಟು, ವಕೀಲರು, ಸ್ಟ್ಯಾಂಪು. ಒಂದು ಸೈಕಲ್ಲಿಗಾಗಿ ಅಷ್ಟು ದೂರ ಯಾರು ಹೋದಾರು?

ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ಕಾರ್ಖಾನೆಗಳು ಇಲ್ಲಿಯೇ ಎದ್ದವು. ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ., ಆಸನಸೋಲಿನಲ್ಲಿ ಸೇನ್-ರ್‍ಯಾಲಿ, ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. 1950–51ರಲ್ಲಿ ದೇಶದ ಕಾರ್ಖಾನೆಗಳು ಮಾಡುತ್ತಿದ್ದದ್ದು ಸುಮಾರು 1 ಲಕ್ಷ ಸೈಕಲ್ಲು, ಹತ್ತು ವರ್ಷದಲ್ಲಿ ಅದು 10 ಲಕ್ಷ ದಾಟಿತು. ಎಷ್ಟು ಮಾಡಿದರೂ ಬೇಡಿಕೆ ಇತ್ತು. ಸಿಕ್ಕಿದ್ದೇ ಪುಣ್ಯ ಎನ್ನುವ ಗಿರಾಕಿ ನೂಲು ಹಿಡಿದು ಅಂಗಡಿಗೆ ಹೋಗುವುದಿಲ್ಲ. 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆ ಫ್ರೇಮಿಗೆಂದೇ ಐ.ಎಸ್. 623 ಎಂಬ ಮಾನಕವನ್ನು ರೂಪಿಸಿತು, ನಿಜ. ಆದರೆ ಐ.ಎಸ್.ಐ. ಗುರುತು ಹಾಕಿಸಿಕೊಳ್ಳುವುದು ತಯಾರಕರ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ಸೈಕಲ್ಲು ಅಂಗಡಿಗೆ ಇಡಿಯಾಗಿ ಬರುತ್ತಲೂ ಇರಲಿಲ್ಲ. ಫ್ರೇಮು ಒಂದು ಕಟ್ಟಿನಲ್ಲಿ, ಫೋರ್ಕು, ರಿಮ್ಮು, ಕಡ್ಡಿ, ಫ್ರೀವೀಲ್, ಕಾಟರ್ ಪಿನ್ನುಗಳೆಲ್ಲ ಬೇರೆ ಬೇರೆ ಡಬ್ಬಗಳಲ್ಲಿ. ಜೋಡಿಸುವವನು ಅಂಗಡಿಯ ಮಿಸ್ತ್ರಿ. ಇಂದಿಗೂ ಬಹುಪಾಲು ಹೀಗೆಯೇ. ಆದ್ದರಿಂದ ದೂರು ಬಂದಾಗ ಮೂವರೂ ಒಬ್ಬರನ್ನೊಬ್ಬರು ತೋರಿಸಬಹುದು. ಕಂಪನಿ ಜೋಡಣೆಯನ್ನು ದೂರುತ್ತದೆ, ಅಂಗಡಿಯವನು ಕಂಪನಿಯನ್ನು, ಇಬ್ಬರೂ ಸೇರಿ ಸವಾರನನ್ನು: ಎಲ್ಲೋ ಗುಂಡಿಗೆ ಬೀಳಿಸಿರಬೇಕು, ಕ್ಯಾರಿಯರಿನಲ್ಲಿ ಇಬ್ಬರನ್ನು ಕೂರಿಸಿರಬೇಕು.

ಈ ಜಗಳವನ್ನು ನಮ್ಮಲ್ಲಿ ಬಗೆಹರಿಸಿದ್ದು ಕಾನೂನಲ್ಲ, ಕಬ್ಬಿಣದ ಪೈಪು. ಮಿಸ್ತ್ರಿ ನೂಲು ಹಿಡಿದು ನೋಡುತ್ತಾನೆ, ಫ್ರೇಮನ್ನು ಗೋಣಿಚೀಲದ ಮೇಲೆ ಮಲಗಿಸುತ್ತಾನೆ, ಕಾಲಲ್ಲಿ ಅದುಮಿ, ಪೈಪು ಸಿಕ್ಕಿಸಿ ಎಳೆಯುತ್ತಾನೆ. ಮತ್ತೆ ನೂಲು, ಮತ್ತೆ ಎಳೆತ. ಉಕ್ಕು ಒಳ್ಳೆಯ ಸ್ವಭಾವದ್ದು, ಅಷ್ಟು ಬಾಗಿಸಿದರೆ ಮುನಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಕಾರ್ಖಾನೆ ಮಾಡಬೇಕಿದ್ದ ಕೆಲಸ ಅಂಗಡಿಯ ಮೆಟ್ಟಿಲ ಮೇಲೆ ಮುಗಿಯುತ್ತದೆ. ಬೆಸುಗೆ ಬಿಟ್ಟಿದ್ದರೆ ಪಕ್ಕದ ಗ್ಯಾಸ್ ವೆಲ್ಡಿಂಗಿನವನು ಹಿತ್ತಾಳೆ ಹಾಕಿಕೊಡುತ್ತಾನೆ, ಸುಟ್ಟ ಜಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಾನೆ. ಗಿರಾಕಿಗೆ ಬೇಕಾದದ್ದು ಓಡುವ ಸೈಕಲ್ಲು, ಅದು ಸಿಕ್ಕಿತು.

ಈ ಜಾಣ್ಮೆಯನ್ನು ಮೆಚ್ಚಿ ಬರೆದವರು ಬೇಕಾದಷ್ಟಿದ್ದಾರೆ, ನನಗೂ ಮೆಚ್ಚುಗೆಯಿದೆ. ಆದರೆ ಅದಕ್ಕೊಂದು ಇನ್ನೊಂದು ಮುಖವಿದೆ. ಪೈಪು ಎಳೆದ ಕ್ಷಣಕ್ಕೆ ದೋಷದ ಜೊತೆಗೆ ದೋಷದ ಸಾಕ್ಷಿಯೂ ಹೋಯಿತು. ಆ ಸೊಟ್ಟ ಫ್ರೇಮು ಕಾರ್ಖಾನೆಗೆ ವಾಪಸು ಹೋಗಲೇ ಇಲ್ಲ. ಯಾವ ಪಾಳಿಯಲ್ಲಿ, ಯಾವ ಅಚ್ಚಿನ ಮೇಲೆ ಅದು ಸೊಟ್ಟಗಾಯಿತು ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಕಂಪನಿಯ ಲೆಕ್ಕದಲ್ಲಿ ಅದು ದೂರಿಲ್ಲದ ಸೈಕಲ್ಲು. ರಿಪೇರಿಯ ಖರ್ಚು ಗಿರಾಕಿಯದೋ, ಅಂಗಡಿಯವನದೋ ಆಯಿತು. ದಶಕಗಳ ಕಾಲ ಕಾರ್ಖಾನೆಗಳ ಗುಣಮಟ್ಟದ ವಿಭಾಗವಾಗಿ ದುಡಿದದ್ದು ದೇಶದ ಮಿಸ್ತ್ರಿಗಳು, ಸಂಬಳವಿಲ್ಲದೆ.

ಇದಕ್ಕೆ ಎದುರಾದ ಇನ್ನೊಂದು ಯೋಚನೆ ಹುಟ್ಟಿದ್ದೂ ಪುಣೆಯಲ್ಲೇ. ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಆ ನಗರದಲ್ಲಿ 1974ರಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತನ್ನು ಕಟ್ಟಿದರು. ಅಭಾವ, ಬೆಲೆಯೇರಿಕೆ, ಕಲಬೆರಕೆಗಳ ಕಾಲ. ಕೊಂಡವನು ಒಂಟಿಯಾಗಿ ಅಂಗಡಿಯ ಮುಂದೆ ಗೊಣಗುವುದರ ಬದಲು ಸಂಘಟನೆಯಾಗಿ ಕೇಳಬೇಕೆಂಬುದು ಅದರ ಸಾರ. ಅದಕ್ಕೆ ಎರಡು ವರ್ಷ ಮೊದಲು, 1972ರಲ್ಲಿ, ಇದೇ ಊರಿನ ಕೈನೆಟಿಕ್ ಕಂಪನಿ ಲೂನಾ ಮೊಪೆಡ್ಡನ್ನು ರಸ್ತೆಗಿಳಿಸಿತ್ತು. ಆಕುರ್ಡಿಯಲ್ಲಿ ಬಜಾಜ್ ಸ್ಕೂಟರುಗಳು ತಯಾರಾಗುತ್ತಿದ್ದವು. ಕೊಂಡವರು ಸಂಘಟಿತರಾಗಿ ಪ್ರಶ್ನೆ ಕೇಳಲು ಕಲಿಯುವ ಹೊತ್ತಿಗೆ ಪುಣೆ ಸೈಕಲ್ಲಿನಿಂದ ಇಳಿಯತೊಡಗಿತ್ತು.

1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ ಬಂತು, ವಕೀಲರಿಲ್ಲದೆಯೂ ದೂರು ಕೊಡಬಹುದಾಯಿತು. ದೋಷ ಸಾಬೀತಾದರೆ ಸರಿಪಡಿಸಿಕೊಡಿ, ಬದಲಾಯಿಸಿಕೊಡಿ, ಇಲ್ಲವೇ ಹಣ ಹಿಂದಿರುಗಿಸಿ ಎಂದು ಆದೇಶಿಸುವ ಅಧಿಕಾರ ಅದಕ್ಕಿತ್ತು. ತೊಡಕು ಇದ್ದದ್ದು ಸಾಬೀತು ಎಂಬ ಮಾತಿನಲ್ಲಿ. ನೋಡಿದೊಡನೆ ಹೇಳಲಾಗದ ದೋಷವಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅದರ ಶುಲ್ಕವನ್ನು ದೂರುದಾರನೇ ಮೊದಲು ಕಟ್ಟಬೇಕಾಗಬಹುದು. ತಯಾರಿಕೆಯ ದೋಷ ಎಂದು ಹೇಳಲು ತಜ್ಞರ ವರದಿ ಬೇಕು ಎಂಬುದು ವಾಹನಗಳ ಮೊಕದ್ದಮೆಗಳಲ್ಲಿ ಪದೇ ಪದೇ ಬಂದ ಮಾತು. ಮೋಟಾರು ವಾಹನಗಳಿಗೆ ಪುಣೆಯ ಗುಡ್ಡದ ಮೇಲೆ 1966ರಿಂದಲೂ ಎ.ಆರ್.ಎ.ಐ. ಎಂಬ ದೊಡ್ಡ ಪರೀಕ್ಷಾ ಸಂಸ್ಥೆಯಿದೆ. ಸೈಕಲ್ಲಿಗೆಂದೇ ಇರುವ ಸಂಶೋಧನಾ ಕೇಂದ್ರ ಲುಧಿಯಾನದಲ್ಲಿದೆ, ಧನಕವಡಿಯಿಂದ ಒಂದೂವರೆ ಸಾವಿರ ಕಿಲೋಮೀಟರಿಗೂ ದೂರ. ನೂಲು ಹಿಡಿದ ಮಿಸ್ತ್ರಿಗೆ ಕಂಡದ್ದು ಕಾಗದದ ಮೇಲೆ ಬರದಿದ್ದರೆ ವೇದಿಕೆಗೆ ಕಾಣುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಬಂತು. ರಾಜ್ಯ ಸರ್ಕಾರ 2006–07ರಿಂದ 8ನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡತೊಡಗಿತು. ಲಕ್ಷಗಟ್ಟಲೆ ಸೈಕಲ್ಲು, ಒಂದೇ ಸಲಕ್ಕೆ, ಟೆಂಡರಿನ ಮೇಲೆ. 2018ರಲ್ಲಿ ಗುಣಮಟ್ಟದ ಬಗ್ಗೆ ದೂರುಗಳೆದ್ದು ವಿತರಣೆಯನ್ನು ತಡೆಹಿಡಿಯಬೇಕಾಯಿತು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಎಂದು ಕಾಯ್ದೆ ಹೇಳುತ್ತದೆ. ಆದರೆ ಬಿಲ್ಲು ಇಲಾಖೆಯ ಕಡತದಲ್ಲಿ, ಸೈಕಲ್ಲು ಹಳ್ಳಿಯ ಹುಡುಗಿಯ ಕೈಯಲ್ಲಿ. ಫೋರ್ಕು ಅಲುಗಾಡಿದರೆ ಅವಳ ಅಪ್ಪ ಹೋಗುವುದು ಇಲಾಖೆಗಲ್ಲ, ಸಂತೆಯ ಬೀದಿಯ ಮಿಸ್ತ್ರಿಯ ಹತ್ತಿರ. ಅಲ್ಲಿ ಮತ್ತೆ ಅದೇ ಪೈಪು.

2019ರ ಹೊಸ ಗ್ರಾಹಕ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲ ಬಾರಿಗೆ ಉತ್ಪನ್ನದ ಹೊಣೆ ಎಂಬ ಅಧ್ಯಾಯವೇ ಬಂತು. ದೋಷದಿಂದ ಸವಾರನಿಗೆ ಪೆಟ್ಟಾದರೆ ತಯಾರಕ ಉತ್ತರಿಸಬೇಕು. ಹೊಣೆಯ ಕಾರಣಗಳ ಪಟ್ಟಿಯಲ್ಲಿ ಮೊದಲನೆಯದೇ ತಯಾರಿಕೆಯ ದೋಷ. ಫ್ರೇಮು ಮಾತ್ರ ಹಾಳಾಗಿ ಯಾರಿಗೂ ಪೆಟ್ಟಾಗದಿದ್ದರೆ ಆ ಅಧ್ಯಾಯ ಒದಗುವುದಿಲ್ಲ, ಬದಲಿ ಅಥವಾ ಹಣ ಕೇಳುವ ಹಳೆಯ ದಾರಿಯೇ. ಅದೇ ಅಧ್ಯಾಯದ 87ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಹಾನಿಯಾದ ಹೊತ್ತಿಗೆ ವಸ್ತುವನ್ನು ದುರುಪಯೋಗ ಮಾಡಿದ್ದರೆ, ಬದಲಿಸಿದ್ದರೆ, ಮಾರ್ಪಡಿಸಿದ್ದರೆ ಮಾರಿದವನ ಮೇಲೆ ದಾವೆ ನಡೆಯುವುದಿಲ್ಲ. ಪೈಪು ಹಾಕಿ ನೆಟ್ಟಗೆ ಮಾಡಿದ ಫ್ರೇಮನ್ನು ಎದುರಾಳಿಯ ವಕೀಲರು ಏನೆಂದು ಕರೆಯುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮಿಸ್ತ್ರಿಯ ಉಪಕಾರ ಕಾನೂನಿನ ಭಾಷೆಯಲ್ಲಿ ಮಾರ್ಪಾಡು.

ಈ ನಡುವೆ ಲೋಹವೂ ಬದಲಾಗಿದೆ. ಈಗ ಕಾತ್ರಜ ಘಾಟಿ ಏರುವ ಸೈಕಲ್ಲುಗಳಲ್ಲಿ ಬಹಳಷ್ಟರ ಫ್ರೇಮು ಅಲ್ಯುಮಿನಿಯಂನದು. ಬೆಸುಗೆಯ ನಂತರ ಅದನ್ನು ಹದವಾಗಿ ಕಾಯಿಸಿ ಗಟ್ಟಿಮಾಡಿರುತ್ತಾರೆ. ಆಮೇಲೆ ಬಗ್ಗಿಸಹೋದರೆ ಬಿರುಕು ಬಿಡುವ ಅಪಾಯವಿದೆ, ಆ ಬಿರುಕು ಮುಂದೆಂದೋ ಇಳಿಜಾರಿನಲ್ಲಿ ಬಾಯಿ ತೆರೆಯಬಹುದು. ಗೇರು ಬದಲಿಸುವ ಡಿರೇಲರ್ ತೂಗುವ ಚಿಕ್ಕ ಕೊಂಡಿಯೊಂದನ್ನು ಬಿಟ್ಟು ಅಂಥ ಫ್ರೇಮಿನಲ್ಲಿ ಕೈಯಿಂದ ತಿದ್ದಬಹುದಾದದ್ದು ಹೆಚ್ಚೇನಿಲ್ಲ. ಹಾಗಾಗಿ ತಿಳಿದ ಮಿಸ್ತ್ರಿ ಇಂದು ಸೊಟ್ಟ ಫ್ರೇಮಿಗೆ ಪೈಪು ಹಾಕುವುದಿಲ್ಲ. ನೂಲು ಕಟ್ಟಿ, ಪಕ್ಕದಲ್ಲಿ ಸ್ಕೇಲು ಹಿಡಿದು, ಎರಡೂ ಕಡೆಯ ಫೋಟೊ ತೆಗೆಯಲು ಹೇಳುತ್ತಾನೆ. ಚಕ್ರವನ್ನು ತಿರುಗಿಸಿ ಹಾಕಿ ಇನ್ನೆರಡು. ಬಿ.ಬಿ. ಕೊಳವೆಯ ಅಡಿಯಲ್ಲಿ ಕೆತ್ತಿದ ಫ್ರೇಮ್ ನಂಬರಿನದು ಒಂದು. ಬಿಲ್ಲಿನ ಜೊತೆ ಅವನ್ನು ಕಂಪನಿಗೆ ಬರೆದು ಕಳಿಸಿ, ಉತ್ತರ ಬರುವವರೆಗೆ ಸೈಕಲ್ಲನ್ನು ಮುಟ್ಟಬೇಡಿ ಎನ್ನುತ್ತಾನೆ. ಅವನ ಅಪ್ಪನ ಕಾಲದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಆರು ವಾರವಾದರೂ ಆಗಬಹುದು. ಆದರೆ ಈ ಸಲ ಫ್ರೇಮು ರಟ್ಟಿನ ಡಬ್ಬದಲ್ಲಿ ಕೂತು, ಬಂದ ದಾರಿಯಲ್ಲೇ ಕಾರ್ಖಾನೆಗೆ ಹಿಂದಿರುಗುತ್ತದೆ.