ದುಡಿಯುವ ಕೈಗಳ ನೋವು: ಕ್ಯಾಲಿಫೋರ್ನಿಯದ ಕಾನೂನಿನ ಚರಿತ್ರೆ



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಹೃದ್ರೋಗ, ಸಕ್ಕರೆ ಕಾಯಿಲೆಗಳ ಮಾತು ಬರುವುದು ವಾಡಿಕೆ. ಇಂದು ನಾನು ಎತ್ತಿಕೊಂಡಿರುವುದು ಪ್ರಾಣಕ್ಕೆ ಸಂಚಕಾರ ತರದ, ಆದರೆ ಅನ್ನಕ್ಕೆ ಸಂಚಕಾರ ತರಬಲ್ಲ ಒಂದು ನೋವಿನ ಚರಿತ್ರೆಯನ್ನು. ಒಂದೇ ಬಗೆಯ ಚಲನೆಯನ್ನು ದಿನವಿಡೀ, ವರ್ಷಗಟ್ಟಲೆ ಮಾಡುವುದರಿಂದ ಬೆರಳು, ಮಣಿಕಟ್ಟು, ಮುಂಗೈ, ಮೊಣಕೈ, ಭುಜಗಳಲ್ಲಿ ಹುಟ್ಟುವ ನೋವು ಅದು. ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಬಹುಮಂದಿ ಗಣಕಯಂತ್ರದ ಮುಂದೆ ಕುಳಿತು ದುಡಿಯುವವರಾದ್ದರಿಂದ ವಿಷಯ ದೂರದ್ದೇನೂ ಅಲ್ಲ.

ನೋವು ಹೊಸದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಗ್ರಂಥವನ್ನು ಪ್ರಕಟಿಸಿದ. 1713ರ ಆವೃತ್ತಿಯಲ್ಲಿ ಲಿಪಿಕಾರರ ಸಂಕಟವನ್ನೂ ಸೇರಿಸಿ ಅದಕ್ಕೆ ಮೂರು ಕಾರಣಗಳನ್ನು ಹೇಳಿದ: ಸದಾ ಕುಳಿತಿರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ರೀತಿ ಆಡಿಸುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿಯುವುದು. ಮುನ್ನೂರು ವರ್ಷಗಳ ಸಂಶೋಧನೆ ಈ ಮೂರಕ್ಕೆ ವಿವರಗಳನ್ನು ಕೂಡಿಸಿದೆಯೇ ಹೊರತು ಅವನ್ನು ತಳ್ಳಿಹಾಕಿಲ್ಲ. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಿಕೊಳ್ಳಿ ಎಂದು ವೈದ್ಯರಿಗೆ ಸೂಚಿಸಿದವನೂ ಅವನೇ. ಮುಂದೆ ತಂತಿ ಕಚೇರಿಯ ನೌಕರರಿಗೆ ಕೈ ಸೆಡೆತುಕೊಳ್ಳುವ ಬೇನೆ ಬಂದಾಗ, ಬ್ರಿಟನ್ 1908ರಲ್ಲಿ ಅದನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿತು.

ಕ್ಯಾಲಿಫೋರ್ನಿಯದಲ್ಲಿ 1913ರ ಬಾಯ್ನ್‌ಟನ್ ಕಾಯಿದೆ ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವುದನ್ನು ಮಾಲೀಕರಿಗೆ ಕಡ್ಡಾಯ ಮಾಡಿತು. ಆದರೆ ಗಾಯವೆಂದರೆ ಜನರ ಕಣ್ಣಿಗೆ ಕಟ್ಟುವುದು ಯಂತ್ರಕ್ಕೆ ಸಿಕ್ಕಿದ ಬೆರಳು, ಏಣಿಯಿಂದ ಬಿದ್ದು ಮುರಿದ ಕಾಲು. ಅದಕ್ಕೊಂದು ದಿನವಿದೆ, ಗಳಿಗೆಯಿದೆ, ಸಾಕ್ಷಿಯಿದೆ. ಹನಿಹನಿಯಾಗಿ ಕೂಡಿದ ನೋವಿಗೆ ಯಾವ ದಿನಾಂಕ ಹಾಕುವುದು? 1959ರ ಬೆವರಿಜ್ ಪ್ರಕರಣದಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ, ಬಿಡಿಬಿಡಿಯಾಗಿ ಅಲ್ಪವೆನಿಸುವ ಶ್ರಮಗಳು ಒಟ್ಟುಗೂಡಿ ಒಬ್ಬನನ್ನು ಅಶಕ್ತನನ್ನಾಗಿಸಿದರೆ ಅದೂ ಕೆಲಸದ ಗಾಯವೇ ಎಂದು ಒಪ್ಪಿತು. 1968ರಲ್ಲಿ ಶಾಸನಸಭೆ ಇಂತಹ ಸಂಚಿತ ಗಾಯದ ವ್ಯಾಖ್ಯೆಯನ್ನು ಕಾರ್ಮಿಕ ಸಂಹಿತೆಯಲ್ಲಿಯೇ ಸೇರಿಸಿತು.

ಪರಿಹಾರ ಕೊಡುವುದು ಒಂದು ಮಾತು, ನೋವು ಬಾರದಂತೆ ತಡೆಯುವುದು ಇನ್ನೊಂದು. ತಡೆಯುವ ದಿಕ್ಕಿನಲ್ಲಿ ಒಂದು ಮುಖ್ಯ ಹೆಜ್ಜೆಯನ್ನು ಇಡಿಸಿದವರು ಹೊಲದ ಕೂಲಿಗಳು. ಲೆಟ್ಯೂಸ್ ಹೊಲಗಳಲ್ಲಿ ಅವರಿಗೆ ಕೊಡುತ್ತಿದ್ದ ಗಿಡ್ಡ ಹಿಡಿಯ ಗುದ್ದಲಿಯಿಂದ ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕಾಗುತ್ತಿತ್ತು. ಗುದ್ದಲಿ ಮುರಿದಿಲ್ಲ, ಸಡಿಲವಾಗಿಲ್ಲ, ಆದ್ದರಿಂದ ಅದು ಅಪಾಯಕರವಲ್ಲ ಎಂದು ಅಧಿಕಾರಿಗಳು ವಾದಿಸಿದರು. 1975ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಅರ್ಥ ತೀರ ಸಂಕುಚಿತವೆಂದು ಹೇಳಿತು. ಅದೇ ವರ್ಷ ಆ ಗುದ್ದಲಿ ನಿಷೇಧವಾಯಿತು. ಅಲ್ಲಿ ನೊಂದದ್ದು ಬೆನ್ನು, ಕೈಯಲ್ಲ. ಆದರೆ ಸುಸ್ಥಿತಿಯಲ್ಲಿರುವ ಸಾಧನವೂ ದೀರ್ಘ ಬಳಕೆಯಿಂದ ದೇಹವನ್ನು ಕೆಡಿಸಬಲ್ಲದು ಎಂಬ ತತ್ತ್ವ ಅಲ್ಲಿ ನೆಲೆಗೊಂಡಿತು. ಗುದ್ದಲಿಗೆ ಸಲ್ಲುವ ಮಾತು ಕೀಲಿಮಣೆಗೂ ಸಲ್ಲಬೇಕಲ್ಲವೆ?

ಕೀಲಿಮಣೆಯ ಸರದಿ ಬಂದದ್ದು ಲಾಸ್ ಏಂಜಲೀಸಿನಲ್ಲಿಯೇ. ನಾವು ಹುಡುಗರಾಗಿದ್ದಾಗ ಕರ್ನಾಟಕದ ಅನೇಕ ಊರುಗಳ ಪೇಟೆಬೀದಿಯಲ್ಲಿ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇರುತ್ತಿತ್ತು. ಆ ಯಂತ್ರದ ಕೀಲಿಗಳನ್ನು ಬಲವಾಗಿಯೇ ಕುಟ್ಟಬೇಕಿತ್ತು, ನಿಜ. ಆದರೆ ಸಾಲು ಮುಗಿದಾಗ ಕೈಯೆತ್ತಿ ಕ್ಯಾರೇಜನ್ನು ತಳ್ಳಬೇಕು, ಹಾಳೆ ಮುಗಿದಾಗ ತೆಗೆದು ಹೊಸದನ್ನು ಸುತ್ತಬೇಕು, ತಪ್ಪಾದರೆ ನಿಲ್ಲಿಸಿ ಅಳಿಸಬೇಕು. ಬೇಡವೆಂದರೂ ಬರುತ್ತಿದ್ದ ಆ ಸಣ್ಣ ಬಿಡುವುಗಳನ್ನೆಲ್ಲ ಗಣಕಯಂತ್ರ ಕಿತ್ತುಕೊಂಡಿತು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಕೈನೋವಿನ ದೂರುಗಳು ಹೆಚ್ಚಿದಾಗ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ತಜ್ಞರು ಅಲ್ಲಿಯ ನೂರಾರು ನೌಕರರನ್ನು ಅಧ್ಯಯನ ಮಾಡಿದರು. 1993ರ ಅವರ ವರದಿಯ ಪ್ರಕಾರ ಭಾಗವಹಿಸಿದವರಲ್ಲಿ ಸುಮಾರು ಶೇಕಡ 40 ಮಂದಿಗೆ ಕುತ್ತಿಗೆ, ಭುಜ, ಕೈಗಳ ತೊಂದರೆಯ ಲಕ್ಷಣಗಳಿದ್ದವು. ಅದಕ್ಕೆ ನಂಟುಳ್ಳದ್ದೆಂದು ಕಂಡುಬಂದದ್ದು ಟೈಪು ಮಾಡುವ ಹೊತ್ತು ಮಾತ್ರವಲ್ಲ. ಗಡುವಿನ ಒತ್ತಡದಲ್ಲಿ ಕಳೆಯುವ ಗಂಟೆಗಳು, ಮೇಲಿನವರು ಈ ನೋವನ್ನು ಲಕ್ಷಿಸುವುದಿಲ್ಲವೆಂಬ ಭಾವನೆ ಕೂಡ. ರಾಮಝೀನಿಯ ಮೂರನೆಯ ಕಾರಣ ನೆನಪಾಗದೆ ಇರದು.

ಪತ್ರಿಕೆಯವರಿಗೇ ಬಂದ ನೋವಾದ್ದರಿಂದ ಅದು ಪತ್ರಿಕೆಗಳಲ್ಲಿ ಬಂತು. ಸ್ಯಾನ್ ಡಿಯೇಗೊ ಬಂದರಿನ ಟ್ಯೂನಾ ಮೀನಿನ ಕಾರ್ಖಾನೆಗಳಲ್ಲಿ ಸಾಲಾಗಿ ನಿಂತು ದಿನವಿಡೀ ಚಾಕುವಿನಿಂದ ಮೀನು ಸ್ವಚ್ಛಗೊಳಿಸುತ್ತಿದ್ದ ಹೆಂಗಸರ ಕೈಗಳಿಗೆ ಅಂತಹ ಭಾಗ್ಯವಿರಲಿಲ್ಲ. 1980ರ ದಶಕದಲ್ಲಿ ಆ ಕಾರ್ಖಾನೆಗಳೇ ಮುಚ್ಚಿಹೋದವು. ವೈದ್ಯನಾಗಿ ಇನ್ನೊಂದು ಮಾತು. ಎಲ್ಲ ಕೈನೋವನ್ನೂ 'ಕಾರ್ಪಲ್ ಟನಲ್' ಎಂದು ಕರೆಯುವ ರೂಢಿ ತಪ್ಪು. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದೊಳಗೆ 9 ಸ್ನಾಯುರಜ್ಜುಗಳ ಜೊತೆ ಒಂದು ನರವೂ ಹಾದುಹೋಗುತ್ತದೆ. ಆ ನರ ಒತ್ತಿಕೊಂಡಾಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಬೇಕಾಗುತ್ತದೆ. ಬಲವಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸಕ್ಕೂ, ನಡುಗುವ ಯಂತ್ರಗಳ ಬಳಕೆಗೂ ಈ ರೋಗದ ಸಂಬಂಧ ಚೆನ್ನಾಗಿ ಸ್ಥಾಪಿತವಾಗಿದೆ. ಬರಿಯ ಕೀಲಿಮಣೆಯ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಅಲ್ಲಿ ನೋಯುವುದು ಹೆಚ್ಚಾಗಿ ಸ್ನಾಯು, ರಜ್ಜು, ಕುತ್ತಿಗೆ, ಭುಜಗಳು.

ಇನ್ನು ಕಾನೂನು. 1993ರಲ್ಲಿ ಶಾಸನಸಭೆ, ಪುನರಾವರ್ತಿತ ಚಲನೆಯ ಗಾಯಗಳನ್ನು ತಗ್ಗಿಸುವ ನಿಯಮವನ್ನು 1995ರ ಜನವರಿ 1ರೊಳಗೆ ರೂಪಿಸಬೇಕೆಂದು ರಾಜ್ಯದ ಸುರಕ್ಷತಾ ಮಂಡಳಿಗೆ ಆಜ್ಞಾಪಿಸಿತು. ಮಾಲೀಕರ ವಿರೋಧದ ನಡುವೆ ಗಡುವು ಕಳೆದುಹೋಯಿತು. ಕಾರ್ಮಿಕ ಸಂಘಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅಂತೂ 1997ರ ಜುಲೈ 3ರಂದು, ಅಮೆರಿಕದಲ್ಲಿಯೇ ಮೊದಲನೆಯದಾದ ಈ ನಿಯಮ ಜಾರಿಗೆ ಬಂತು. ಹತ್ತಕ್ಕಿಂತ ಕಡಿಮೆ ನೌಕರರಿರುವವರಿಗೆ ಕೊಟ್ಟಿದ್ದ ವಿನಾಯಿತಿಯನ್ನು ಮೇಲ್ಮನವಿ ನ್ಯಾಯಾಲಯ 1999ರಲ್ಲಿ ರದ್ದುಮಾಡಿತು. ಕೇಂದ್ರ ಸರ್ಕಾರ 2000ದ ನವೆಂಬರಿನಲ್ಲಿ ಹೊರಡಿಸಿದ ಇಂತಹದೇ ನಿಯಮವನ್ನಾದರೋ ಕಾಂಗ್ರೆಸ್ 2001ರ ಮಾರ್ಚಿನಲ್ಲಿ ಹೂತುಬಿಟ್ಟಿತು.

ಈ ರಾಜ್ಯದ ನಿಯಮದ ಒಳಗೊಂದು ವಿಚಿತ್ರವಿದೆ. ಒಬ್ಬರ ಕೈ ನೊಂದರೆ ಅದು ಎಚ್ಚರಗೊಳ್ಳುವುದಿಲ್ಲ. ಒಂದೇ ಬಗೆಯ ಕೆಲಸ ಮಾಡುವ ಒಬ್ಬರಿಗಿಂತ ಹೆಚ್ಚು ಮಂದಿ, 12 ತಿಂಗಳೊಳಗೆ, ತಮ್ಮ ನೋವನ್ನು ಮಾಲೀಕನಿಗೆ ವರದಿ ಮಾಡಿರಬೇಕು. ಪರವಾನಗಿಯುಳ್ಳ ವೈದ್ಯ ಅದನ್ನು ಗುರುತಿಸಿರಬೇಕು. ನೋವಿನ ಕಾರಣದಲ್ಲಿ ಕನಿಷ್ಠ ಶೇಕಡ 50 ಭಾಗ ಆ ಕೆಲಸದ್ದಾಗಿರಬೇಕು. ಆಮೇಲಷ್ಟೆ ಮಾಲೀಕ ಕೆಲಸದ ಸ್ಥಳವನ್ನು ಪರಿಶೀಲಿಸಿ, ದೋಷಗಳನ್ನು ತಿದ್ದಿ, ನೌಕರರಿಗೆ ತರಬೇತಿ ಕೊಡಬೇಕು. ಮನೆಗೆ ಎರಡನೆಯ ಸಲ ಕಳ್ಳ ನುಗ್ಗಿದ ಮೇಲೆ ಬೀಗ ಹಾಕಿದಂತೆ! ಹೊಟೇಲುಗಳ ಕೋಣೆ ಶುಚಿಗೊಳಿಸುವವರಿಗಾಗಿ 2018ರ ಜುಲೈ 1ರಿಂದ ಜಾರಿಯಾದ ನಿಯಮ ಇದಕ್ಕಿಂತ ಎಷ್ಟೋ ಮೇಲು. ಅದು ಯಾರೂ ನೋಯುವುದನ್ನು ಕಾಯದೆ ಮೊದಲೇ ಪರಿಶೀಲಿಸಬೇಕೆನ್ನುತ್ತದೆ. ನಮ್ಮ ದೇಶದವರು ನಡೆಸುವ ಮೋಟೆಲುಗಳಿಗೂ ಅದು ಅನ್ವಯಿಸುತ್ತದೆಂಬುದನ್ನು ಇಲ್ಲಿರುವ ಮಾಲೀಕರು ಗಮನಿಸಬೇಕು.

ಮೊದಲೇ ತಡೆದರೆ ಫಲವುಂಟೆ ಎಂಬ ಸಂದೇಹಕ್ಕೆ ಲಾಸ್ ಏಂಜಲೀಸಿನ ಹೊಲಿಗೆ ಕಾರ್ಖಾನೆಗಳಲ್ಲಿ ಉತ್ತರ ಸಿಕ್ಕಿದೆ. ಕುತ್ತಿಗೆ, ಭುಜಗಳ ನೋವಿದ್ದ 277 ಹೊಲಿಗೆಯವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎತ್ತರ ಹೊಂದಿಸಬಹುದಾದ ಕುರ್ಚಿ ಪಡೆದವರ ನೋವು 4 ತಿಂಗಳಲ್ಲಿ ಇತರರಿಗಿಂತ ಹೆಚ್ಚು ತಗ್ಗಿತು. ಬಾಗಿದ ಆಸನದ ಕುರ್ಚಿಯಿಂದ ಇನ್ನೂ ಹೆಚ್ಚಿನ ಗುಣ ಕಂಡಿತು. ಬೇಕಾದದ್ದು ಒಂದು ಕುರ್ಚಿ! ಆದರೆ ತುಂಡಿಗಿಷ್ಟು ಎಂಬ ಕೂಲಿಯಲ್ಲಿ ಕೈ ನಿಲ್ಲಿಸಿದರೆ ಸಂಪಾದನೆಯೂ ನಿಲ್ಲುತ್ತದೆ. ಮಡಿಲಲ್ಲಿ ಮೊರವಿಟ್ಟುಕೊಂಡು ಎಲೆ ಕತ್ತರಿಸಿ, ಸುರುಳಿ ಸುತ್ತಿ, ದಾರ ಕಟ್ಟಿ, ಸಾವಿರಕ್ಕಿಷ್ಟು ಎಂದು ಎಣಿಸಿ ಕೊಡುವ ದಕ್ಷಿಣ ಕನ್ನಡ, ಕಾಸರಗೋಡುಗಳ ಬೀಡಿ ಕಟ್ಟುವ ಹೆಂಗಸರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಲಿಫೋರ್ನಿಯ 2022ರ ಜನವರಿಯಿಂದ ಉಡುಪಿನ ಕಾರ್ಖಾನೆಗಳಲ್ಲಿ ತುಂಡುಕೂಲಿಯನ್ನು ನಿಷೇಧಿಸಿದೆ.

ನಮ್ಮ ಜನ ಈ ಚರಿತ್ರೆಯಲ್ಲಿ ಎಲ್ಲಿದ್ದಾರೆ? ಇರಬೇಕಾದ ಕಾಗದಗಳಲ್ಲಿ ಅವರಿಲ್ಲ. ಭುಜ ಎತ್ತಲಾರದ ಎಂಜಿನಿಯರು ಊರಿನಿಂದ ತರಿಸಿದ ತೈಲ ಹಚ್ಚಿಕೊಳ್ಳುತ್ತಾನೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಾನೆ, ಸಹೋದ್ಯೋಗಿ ಕೇಳಿದರೆ 'ಟೆನಿಸ್ ಆಡಿದೆ' ಎನ್ನುತ್ತಾನೆ. ವೀಸಾ ಮಾಲೀಕನ ಕೈಯಲ್ಲಿದೆ, ಹಸಿರು ಕಾರ್ಡಿನ ಅರ್ಜಿ ವರ್ಷಗಳಿಂದ ಕಾದಿದೆ, ದೂರುಗಾರನೆನಿಸಿಕೊಳ್ಳುವ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಬ್ಬರ ವರದಿಯನ್ನು ಕಾಯುವ ನಿಯಮದಲ್ಲಿ ಒಬ್ಬರು ಬಾಯಿ ಮುಚ್ಚಿಕೊಂಡರೆ ಪಕ್ಕದ ಮೇಜಿನವರ ವರದಿಯೂ ಒಂಟಿಯಾಗಿ ಉಳಿಯುತ್ತದೆ. ಪರಿಹಾರದ ಕಾನೂನಿಗಾದರೆ ಒಬ್ಬರೇ ಸಾಕು. ವಲಸೆಯ ಸ್ಥಿತಿ ಏನೇ ಇರಲಿ ಅದು ಅನ್ವಯಿಸುತ್ತದೆ; ಪರಿಹಾರ ಕೇಳಿದ್ದಕ್ಕಾಗಿ ಕೆಲಸದಿಂದ ತೆಗೆಯುವುದು ಅಪರಾಧ.

ಗಾಯವನ್ನು ಮಾಲೀಕನಿಗೆ 30 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಒಂದು ಕೆಲಸದ ದಿನದೊಳಗೆ ಆತ ಅರ್ಜಿಯ ನಮೂನೆ ಕೊಡಬೇಕು. ಅದನ್ನು ತುಂಬಿ ಕೊಟ್ಟ ಮೇಲೆ, ಗಾಯ ಕೆಲಸದ್ದೇ ಎಂಬುದು ತೀರ್ಮಾನವಾಗುವವರೆಗೂ 10,000 ಡಾಲರಿನವರೆಗಿನ ಚಿಕಿತ್ಸೆಗೆ ಅವಕಾಶವಿದೆ. ವೈದ್ಯನೂ ಮೊದಲ ಪರೀಕ್ಷೆಯಾದ 5 ದಿನಗಳೊಳಗೆ ವರದಿ ಕಳುಹಿಸಬೇಕು. ಆ ವರದಿಯ ನಮೂನೆಯಲ್ಲಿ ಗಾಯ ಹೇಗಾಯಿತೆಂದು ರೋಗಿಯೇ ತನ್ನ ಮಾತಿನಲ್ಲಿ ಬರೆಯಲು ಒಂದು ಅಂಕಣವಿದೆ. ಕೈ ನೋಯುತ್ತಿದ್ದು ಬರೆಯಲಾಗದಿದ್ದರೆ, ಅವರು ಹೇಳಿದ್ದನ್ನು ವೈದ್ಯರು ಬರೆದುಕೊಳ್ಳುತ್ತಾರೆ.